ಹಳಿಯ ಹೊಟ್ಟೆಯಲ್ಲಿದ್ದದ್ದು

ಗದಗಿನ ರೈಲ್ವೆ ಕ್ವಾರ್ಟರ್ಸಿನ ಸಾಲಿನಲ್ಲಿ ನಮ್ಮದು ಕೊನೆಯ ಮನೆ. ಅಡುಗೆಮನೆಯ ಗೋಡೆಗೂ ಹಳಿಗೂ ನಡುವೆ ಒಂದು ಬೇವಿನ ಮರ, ಒಂದು ತಂತಿಬೇಲಿ, ಅಷ್ಟೇ. ಸರಕಿನ ಗಾಡಿ ಹೋದರೆ ಹಲಗೆಯ ಮೇಲಿನ ಹಿತ್ತಾಳೆ ಪಾತ್ರೆಗಳು ಒಂದಕ್ಕೊಂದು ತಾಗಿ ಗದ್ದಲ ಮಾಡುತ್ತಿದ್ದವು. ಪ್ಯಾಸೆಂಜರ್ ಹೋದರೆ ಲೋಟಗಳು ಮಾತ್ರ ಅಲುಗುತ್ತಿದ್ದವು. ಅಮ್ಮಿ ರೊಟ್ಟಿ ಬಡಿಯುವ ಕೈ ನಿಲ್ಲಿಸದೆಯೇ ಯಾವ ಗಾಡಿ ಹೋಯಿತು, ಹೊತ್ತಿಗೆ ಸರಿಯಾಗಿ ಹೋಯಿತೋ ಇಲ್ಲವೋ ಎಂದು ಹೇಳುತ್ತಿದ್ದಳು. ಅವಳು ಲಕ್ಷ್ಮೇಶ್ವರದವಳು. ಮದುವೆಯಾಗಿ ಬಂದ ಮೊದಲ ವಾರ ಪ್ರತಿ ಗಾಡಿಗೂ ಬೆಚ್ಚಿಬಿದ್ದು ಪಾತ್ರೆ ಹಿಡಿದುಕೊಳ್ಳುತ್ತಿದ್ದಳಂತೆ. ಎರಡೇ ಕೋಣೆ, ಮುಂದೊಂದು ಪಡಸಾಲೆ. ಪಡಸಾಲೆಯಲ್ಲಿ ಅಜ್ಜನ ಹೊರಸು, ಒಳಗಿನ ಕೋಣೆಯಲ್ಲಿ ಅಬ್ಬಾ ಮತ್ತು ಅಮ್ಮಿ, ಅಡುಗೆಮನೆಯಲ್ಲಿ ಒಲೆಯ ಬೆಚ್ಚಗಿನ ಗೋಡೆಗೆ ಬೆನ್ನು ಕೊಟ್ಟು ಓದಿಕೊಳ್ಳುವ ನಾನು. ಅಮ್ಮಿ ಉರ್ದುವಿನಲ್ಲಿ ಬೈದರೆ ಅಜ್ಜ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ. ಅಬ್ಬಾ ಎರಡರಲ್ಲೂ ಸುಮ್ಮನಿರುತ್ತಿದ್ದರು.

ಅಜ್ಜ ಹುಸೇನಸಾಬ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದವನು. ಬೆಳಗಾದರೆ ಹೆಗಲಿಗೆ ಉದ್ದ ಹಿಡಿಯ ಸುತ್ತಿಗೆ ಹಾಕಿಕೊಂಡು ತನ್ನ ಪಾಲಿನ ಹಳಿಯುದ್ದಕ್ಕೂ ನಡೆದು, ಹಳಿಯನ್ನು ಬಿಗಿಹಿಡಿಯುವ ಕೀಲಿಗಳು ಸಡಿಲಾಗಿದ್ದರೆ ಬಡಿದು ಕೂಡಿಸಿ, ಎಲ್ಲಾದರೂ ಬಿರುಕು ಬಿಟ್ಟಿದೆಯೋ ಎಂದು ನೋಡಿಕೊಂಡು ಬರುವುದು ಅವನ ಕೆಲಸ. ನಿವೃತ್ತಿಯಾಗಿ ಸುತ್ತಿಗೆ ಒಪ್ಪಿಸಿ ಬಂದಿದ್ದರೂ ಬಡಿದು ನೋಡುವ ಚಟ ಹೋಗಿರಲಿಲ್ಲ. ಸಂತೆಯಲ್ಲಿ ಮಣ್ಣಿನ ಗಡಿಗೆ ಕೊಳ್ಳುವಾಗ ಅಮ್ಮಿ ಅವನನ್ನು ಕರೆದುಕೊಂಡೇ ಹೋಗುತ್ತಿದ್ದಳು. ಅವನು ಬೆರಳ ಗೆಣ್ಣಿನಿಂದ ಒಂದೊಂದನ್ನೂ ಬಡಿದು, ಕಿವಿ ಕೊಟ್ಟು, ಇದು ಬೇಡ, ಇದು ಬೇಡ ಎಂದು ಸರಿಸುತ್ತ ಕೊನೆಗೊಂದನ್ನು ಆರಿಸುತ್ತಿದ್ದ. ಅವನು ಆರಿಸಿದ ಗಡಿಗೆ ಎಂದೂ ಸೋರಲಿಲ್ಲ. ಮುಂಜಾನೆಯ ನಮಾಜು ಮುಗಿಸಿ ಬೇಲಿಯ ಹತ್ತಿರ ನಿಂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಳಿಯನ್ನು ದಿಟ್ಟಿಸಿ ಬಂದ ಮೇಲೆಯೇ ಚಹಾ ಕುಡಿಯುತ್ತಿದ್ದ. ಅವನಷ್ಟು ತಿಳಿದವರು ಲೋಕದಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದೆ.

ಅಬ್ಬಾ ಮೊದಲು ಅದೇ ಹಳಿಯ ಗ್ಯಾಂಗಿನಲ್ಲಿ ಕಲ್ಲು ಹೊತ್ತವರು. ಆಮೇಲೆ ಪರೀಕ್ಷೆ ಬರೆದು, ದೂರದ ಊರಿನಲ್ಲಿ ತರಬೇತಿ ಪಡೆದು, ಹಳಿ ಪರೀಕ್ಷಿಸುವ ಯಂತ್ರದ ಕೆಲಸಕ್ಕೆ ಬಂದಿದ್ದರು. ಹಳಿಯ ಮೇಲೆ ಕೈಯಿಂದ ತಳ್ಳುವ ಒಂದು ಸಣ್ಣ ಗಾಡಿ. ಅದರ ಮೇಲೆ ಪುಟ್ಟ ಪರದೆಯ ಒಂದು ಪೆಟ್ಟಿಗೆ, ಒಂದು ನೀರಿನ ಡಬ್ಬಿ. ಗಾಡಿಯ ಕೆಳಗೆ ಬಿಸ್ಕತ್ತಿನಷ್ಟು ಚಿಕ್ಕ ತುಂಡುಗಳು ಹಳಿಗೆ ಅಂಟಿದಂತೆ ಸರಿಯುತ್ತಿದ್ದವು. ಅವುಗಳ ಕೆಳಗೆ ಸದಾ ನೀರು ಜಿನುಗುತ್ತಿರಬೇಕು. ಮನುಷ್ಯರ ಕಿವಿಗೆ ಕೇಳದ ಧ್ವನಿಯೊಂದನ್ನು ಅವು ಉಕ್ಕಿನೊಳಗೆ ಕಳಿಸುತ್ತವೆ, ಒಳಗೆ ಏನಾದರೂ ಅಡ್ಡ ಬಂದರೆ ಆ ಧ್ವನಿ ಅದಕ್ಕೆ ತಾಗಿ ಬೇಗ ಹಿಂದಕ್ಕೆ ಬರುತ್ತದೆ, ಬಂದದ್ದು ಪರದೆಯ ಮೇಲೆ ಹಸಿರು ಮುಳ್ಳಿನ ಹಾಗೆ ಏಳುತ್ತದೆ ಎಂದು ಅಬ್ಬಾ ವಿವರಿಸಿದ್ದರು. ಊಟದ ಹೊತ್ತಿಗೆ ಈ ಮಾತು ಬಂದರೆ ಸಾಕು, ಅಜ್ಜ ರೊಟ್ಟಿ ಮುರಿಯುವುದನ್ನು ನಿಲ್ಲಿಸುತ್ತಿದ್ದ.

“ಕಬ್ಬಣ ತಾನ ಮಾತಾಡತೈತಿ,” ಎನ್ನುತ್ತಿದ್ದ. “ಕೇಳಾಕ ಕಿವಿ ಬೇಕು. ಪೆಟಗಿ ಅಲ್ಲ.”

ಒಂದು ಭಾನುವಾರ ಆಫೀಸಿನ ಕೋಣೆಯಲ್ಲಿ ಕರೆಂಟು ಕೆಟ್ಟಿತೆಂದು ಅಬ್ಬಾ ಆ ಪೆಟ್ಟಿಗೆಯನ್ನು ಚಾರ್ಜು ಮಾಡಲು ಮನೆಗೇ ತಂದರು. ಜೊತೆಗೆ ಯಂತ್ರ ಸರಿಯಿದೆಯೋ ಎಂದು ನೋಡಿಕೊಳ್ಳಲು ಕೊಟ್ಟಿದ್ದ ಒಂದು ಉಕ್ಕಿನ ತುಂಡೂ ಇತ್ತು. ಅಡುಗೆಮನೆಯ ನೆಲದ ಮೇಲೆ ಗೋಣಿತಟ್ಟು ಹಾಸಿ ಅದನ್ನಿಟ್ಟು, ಅಮ್ಮಿಯ ಶೇಂಗಾ ಎಣ್ಣೆಯನ್ನು ಎರಡು ಹನಿ ಸವರಿ, ಆ ಬಿಸ್ಕತ್ತಿನಂಥದ್ದನ್ನು ಅದರ ಮೇಲೆ ಇಟ್ಟರು. ಪರದೆಯ ಮೇಲೆ ಹಸಿರು ಗೆರೆ, ಗೆರೆಯ ಕೊನೆಗೆ ಒಂದು ಮುಳ್ಳು. ಅದು ತುಂಡಿನ ತಳ, ಎಂದರು. ಮೆಲ್ಲಗೆ ಸರಿಸುತ್ತ ಹೋದರು. ನಡುವೆ ಎಲ್ಲಿಂದಲೋ ಇನ್ನೊಂದು ಸಣ್ಣ ಮುಳ್ಳು ಎದ್ದಿತು. ಮೇಲಿನಿಂದ ಉಕ್ಕು ಕನ್ನಡಿಯಂತೆ ನುಣುಪಾಗಿತ್ತು. ಅಬ್ಬಾ ತುಂಡನ್ನು ಹೊರಳಿಸಿ ತೋರಿಸಿದರು: ಬದಿಯಿಂದ ಸೂಜಿ ಹೋಗುವಷ್ಟು ಒಂದು ತೂತು. ನಾವು ನಾಲ್ಕು ಜನ ಕೂತಿದ್ದ ಆ ಕೋಣೆಯಲ್ಲಿ, ಯಾರಿಗೂ ಕೇಳದ ಒಂದು ಧ್ವನಿ ಈಗ ತಾನೇ ಗಟ್ಟಿ ಉಕ್ಕಿನೊಳಗೆ ಹೊಕ್ಕು ಹೊರಬಂದಿತ್ತು. ಅಮ್ಮಿ ಲಟ್ಟಣಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿ ನೋಡಿದಳು. ಅಜ್ಜ ಮಾತ್ರ, ತೂತು ಬದಿಯಿಂದ ಕಾಣುತ್ತದಲ್ಲ, ಅದಕ್ಕೆ ಯಂತ್ರ ಯಾಕೆ ಎಂದು ಹೊರಗೆದ್ದು ಹೋದ.

ಅದಾದ ಕೆಲವು ತಿಂಗಳಿಗೆ ಅಬ್ಬಾ ಒಂದು ಮಧ್ಯಾಹ್ನ ಬೇಗ ಮನೆಗೆ ಬಂದು ಊಟ ಒಲ್ಲೆ ಎಂದರು. ಊರ ಹೊರಗಿನ ಒಂದು ತಿರುವಿನಲ್ಲಿ ಹಳಿಯ ತಲೆಯೊಳಗೆ, ಅಂದರೆ ಗಾಲಿ ಉರುಳುವ ಮೇಲ್ಭಾಗದೊಳಗೆ, ಏನೋ ಸಿಕ್ಕಿತ್ತು. ಮೂರು ಸಲ ಗಾಡಿ ಹಿಂದೆಮುಂದೆ ತಳ್ಳಿ ನೋಡಿ, ಕೆಂಪು ಬಣ್ಣದಲ್ಲಿ ಗುರುತು ಹಾಕಿ, ವಹಿಯಲ್ಲಿ ಬರೆದು, ಸಾಹೇಬರಿಗೆ ತಿಳಿಸಿ ಬಂದಿದ್ದರು. ಗ್ಯಾಂಗಿನವರು ಆಗಲೇ ಹೋಗಿ ಆ ಜಾಗಕ್ಕೆ ಎರಡೂ ಬದಿಯಿಂದ ಉಕ್ಕಿನ ಪಟ್ಟಿ ಬಿಗಿದಿದ್ದರು. ಗಾಡಿಗಳು ಅಲ್ಲಿ ನಡೆಯುವ ಮನುಷ್ಯನ ಹಾಗೆ ನಿಧಾನ ಹೋಗಬೇಕೆಂದು ಹುಕುಂ ಆಗಿತ್ತು. ಹಳಿ ತೆಗೆದು ಬೇರೆ ಹಾಕಬೇಕೆಂದರೆ ಗಾಡಿಗಳನ್ನೇ ಕೆಲ ಹೊತ್ತು ನಿಲ್ಲಿಸಬೇಕು. ಸಾಹೇಬರು ಹೊಸಬರು. ಬಂದು ನೋಡಿದ್ದಾರೆ, ಹಳಿ ಹೊರಗಿನಿಂದ ತೊಳೆದಿಟ್ಟ ಹಾಗಿದೆ. ಒಳಗೆ ಏನೂ ಸಿಗದೆ ಹೋದರೆ ಅಬ್ಬಾನನ್ನು ಯಂತ್ರದಿಂದ ತೆಗೆದು ಮತ್ತೆ ಗ್ಯಾಂಗಿಗೆ ಹಾಕುತ್ತೇನೆ ಎಂದಿದ್ದರಂತೆ. ಇದನ್ನೆಲ್ಲ ಅಬ್ಬಾ ಅಮ್ಮಿಗೆ ಮೆಲ್ಲಗೆ ಹೇಳುತ್ತಿದ್ದಾಗ ಪಡಸಾಲೆಯಿಂದ ಅಜ್ಜ ಯಾವ ತಿರುವು ಎಂದು ಕೇಳಿದ. ಅಬ್ಬಾ ಹೇಳಿದರು. ಅಜ್ಜ ಎದ್ದು ಕೂತ.

“ಅದು ನನ್ನ ತಿರುವು. ಅಲ್ಲೆ ಏನೂ ಇಲ್ಲ.”

ಮರುದಿನ ಅಜ್ಜ ಬಡಿಗೆ ಹಿಡಿದು ಹೊರಟ. ಶಾಲೆಗೆ ಸೂಟಿ ಇದ್ದದ್ದರಿಂದ, ಅವನು ಒಬ್ಬನೇ ಹೋಗುವುದು ಬೇಡವೆಂದು ಅಮ್ಮಿ ನನ್ನನ್ನು ಜೊತೆಗೆ ಕಳಿಸಿದಳು. ಜೋಳದ ಹೊಲಗಳ ನಡುವೆ ಆ ತಿರುವು. ಸಾಹೇಬರು, ಅಬ್ಬಾ, ಗ್ಯಾಂಗಿನ ಐದಾರು ಜನ ಅಲ್ಲೇ ಇದ್ದರು. ಅಜ್ಜನನ್ನು ಕಂಡು ಗ್ಯಾಂಗಿನವರೆಲ್ಲ ಎದ್ದು ನಿಂತರು. ಅವನು ಯಾರನ್ನೂ ಮಾತಾಡಿಸದೆ ಹಳಿಯ ಪಕ್ಕ ಮೊಣಕಾಲೂರಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕೆಂಪು ಗುರುತಿನ ಮೇಲೆ, ಕೆಳಗೆ, ಎರಡೂ ಬದಿಗೆ ಬೆರಳಾಡಿಸಿ ನೋಡಿದ. ಆಮೇಲೆ ಒಬ್ಬನಿಂದ ಸುತ್ತಿಗೆ ಇಸಿದುಕೊಂಡು ಬಡಿದು, ಕಿವಿಯನ್ನು ಹಳಿಗೆ ಹಚ್ಚಿದ. ಅದರ ನಾದ ನನಗೂ ಕೇಳಿಸಿತು. ಗಂಟೆಯ ಹಾಗೆ ಶುದ್ಧವಾಗಿತ್ತು. ಸಾಹೇಬರು ಅಜ್ಜನ ಅಭಿಪ್ರಾಯ ಕೇಳಿದರು.

“ಗಟ್ಟಿ ಹಳಿ ಐತ್ರಿ ಸಾಹೇಬರ,” ಎಂದ ಅಜ್ಜ. “ನನ್ನ ಮಗಗ ಆ ಪೆಟಗಿ ಹುಚ್ಚ ಹಿಡಿಸೈತಿ.”

ಗ್ಯಾಂಗಿನಲ್ಲಿ ಒಬ್ಬಿಬ್ಬರು ನಕ್ಕರು. ಅಬ್ಬಾನ ಕಿವಿಗಳು ಕೆಂಪಾದವು. ಎಲ್ಲರೂ ಕೇಳುವಂತೆ, ಆದರೆ ದನಿ ಎತ್ತದೆ ಅವರು ಹೇಳಿದ್ದು ಇಷ್ಟೇ.

“ಅಪ್ಪಾ, ನಿಮ್ಮ ಕಿವಿ ತಪ್ಪಿಲ್ಲ. ಆದ್ರ ನಾ ಬರದದ್ದನ್ನ ಅಳಸೂದಿಲ್ಲ.”

ಹಳಿ ಬದಲಿಸಲು ಪರವಾನಗಿ ಬರುವವರೆಗೆ ನಾಲ್ಕು ದಿನ ನಮ್ಮ ಮನೆಯಲ್ಲಿ ತಂದೆ ಮಗ ಮಾತಾಡಲಿಲ್ಲ. ಒಂದೇ ಚಾಪೆಯ ಮೇಲೆ ಎದುರುಬದುರು ಕೂತು ಉಣ್ಣುವರು; ಚಟ್ನಿ ಬೇಕಾದರೆ ಅಜ್ಜ ಅಮ್ಮಿಗೆ ಹೇಳುವನು, ಅಮ್ಮಿ ಅಬ್ಬಾಗೆ ಹೇಳುವಳು, ಅಬ್ಬಾ ಬಟ್ಟಲು ಸರಿಸುವರು. ಒಂದೇ ಮನೆಯಲ್ಲಿ ಖಬರು ಮುಟ್ಟಿಸುವುದಕ್ಕೆ ತಾನೇನು ಸ್ಟೇಷನ್ ಮಾಸ್ತರೇ ಎಂದು ಅಮ್ಮಿ ಮೂರನೆಯ ದಿನ ಬಟ್ಟಲನ್ನೇ ಎತ್ತಿಟ್ಟಳು. ನಾನು ಯಾರ ಪರ ಇರಬೇಕೆಂದು ತಿಳಿಯದೆ ಒದ್ದಾಡಿದೆ. ಆ ಗಂಟೆಯಂಥ ನಾದವನ್ನು ನಾನೇ ಕೇಳಿದ್ದೆ. ಅಡುಗೆಮನೆಯಲ್ಲಿ ಎದ್ದ ಆ ಹಸಿರು ಮುಳ್ಳನ್ನೂ ನಾನೇ ನೋಡಿದ್ದೆ. ಎರಡೂ ಖರೆ ಇರಬಹುದು ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಐದನೆಯ ದಿನ ಹಳಿ ಬಿಚ್ಚಿದರು. ಗುರುತಿದ್ದ ತುಂಡನ್ನು ಕೊಯ್ದು ಸ್ಟೇಷನ್ನಿನ ಯಾರ್ಡಿಗೆ ತಂದರು. ಅಜ್ಜನೂ ಬರಬೇಕೆಂದು ಸಾಹೇಬರು ಹೇಳಿಕಳಿಸಿದರು. ಅಬ್ಬಾನ ಬುತ್ತಿಯ ನೆಪದಲ್ಲಿ ಅಮ್ಮಿ ಸೆರಗು ಹೊದ್ದು ನನ್ನ ಕೈ ಹಿಡಿದು ಹೊರಟಳು. ಅವಳಿಗೂ ನೋಡಲೇಬೇಕಿತ್ತು. ತುಂಡನ್ನು ಹಳಿ ಬಗ್ಗಿಸುವ ಯಂತ್ರದ ಬಾಯಿಗೆ ಕೊಟ್ಟು ಇಬ್ಬರು ತಿರುಪು ಬಿಗಿಯತೊಡಗಿದರು. ಗಟ್ಟಿ ಹಳಿಯಾದರೆ ಬಾಗುತ್ತದೆ, ಮುರಿಯುವುದಿಲ್ಲ ಎಂದು ಅಜ್ಜ ನನಗೆ ಹೇಳಿದ. ಅವನ ಮಾತು ಮುಗಿಯುವ ಮೊದಲೇ ಸಿಡಿಲು ಬಡಿದಂಥ ಸದ್ದಾಗಿ ಹಳಿ ಎರಡು ತುಂಡಾಯಿತು. ಸರಿಯಾಗಿ ಕೆಂಪು ಗುರುತು ಇದ್ದಲ್ಲೇ.

ಹತ್ತಿರ ಮೊದಲು ಹೋದವನು ಅಜ್ಜ. ನಾನು ಅವನ ತೋಳಿನ ಸಂದಿಯಿಂದ ಬಗ್ಗಿ ನೋಡಿದೆ. ಮುರಿದ ಉಕ್ಕಿನ ಮೈ ಎಲ್ಲ ಒರಟು, ಒಡೆದ ಬೆಲ್ಲದ ಹಾಗೆ ಕಾಳು ಕಾಳಾಗಿತ್ತು. ಆದರೆ ತಲೆಯ ನಡುಭಾಗದಲ್ಲಿ, ಎಲ್ಲೂ ಹೊರಗೆ ತಾಗದಂತೆ, ಕೋಳಿಮೊಟ್ಟೆಯನ್ನು ಉದ್ದಕ್ಕೆ ಸೀಳಿದರೆ ಕಾಣುವಷ್ಟು ಅಗಲಕ್ಕೆ ಒಂದು ನುಣುಪಾದ ಜಾಗ. ಬೆಳ್ಳಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ಒಂದರೊಳಗೊಂದು ಸಣ್ಣ ಸಣ್ಣ ಉಂಗುರಗಳು, ಕೆರೆಗೆ ಕಲ್ಲು ಹಾಕಿದಾಗ ಏಳುವ ಹಾಗೆ. ಎಲ್ಲಕ್ಕೂ ನಡುವೆ ಸಾಸಿವೆಯಷ್ಟು ಒಂದು ಚುಕ್ಕೆ. ಆ ಚುಕ್ಕೆ ಹಳಿ ಎರಕವಾದ ದಿನದಿಂದಲೇ ಇದ್ದಿರಬಹುದು, ಗಾಲಿಗಳು ಹಾದು ಹಾದು ಅದು ಉಂಗುರ ಉಂಗುರವಾಗಿ ಬೆಳೆದಿದೆ ಎಂದು ಅಬ್ಬಾ ಹೇಳಿದರು. ನಮ್ಮ ಅಡುಗೆಮನೆಯ ಪಾತ್ರೆ ಅಲುಗಿಸಿ ಹೋದ ಎಷ್ಟೋ ಗಾಡಿಗಳು, ಅವುಗಳ ಕಿಟಕಿಯಲ್ಲಿ ಕೂತು ಕೈ ಬೀಸಿದ ಎಷ್ಟೋ ಮಕ್ಕಳು ಆ ಬೆಳ್ಳಿಯ ಮೊಟ್ಟೆಯ ಮೇಲೆ ಹಾದು ಹೋಗಿದ್ದರು. ಅಮ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಈಗ ಹಳಿ ಪರೀಕ್ಷೆಯ ವರದಿಗಳನ್ನು ಓದುವುದೇ ನನ್ನ ಉದ್ಯೋಗ. ಓಡುವ ಗಾಡಿಯಿಂದಲೇ ಹಳಿಯ ಒಳಗು ಬಣ್ಣದ ಪರದೆಯ ಮೇಲೆ ಮೂಡುವುದನ್ನು ದಿನವೂ ನೋಡುತ್ತೇನೆ. ಆದರೂ ಅಂದು ಕಂಡದ್ದರ ಮುಂದೆ ಮೂಕಳಾಗಿ ನಿಂತ ಆ ಹುಡುಗಿ ನನ್ನಲ್ಲಿ ಇನ್ನೂ ಹಾಗೆಯೇ ನಿಂತಿದ್ದಾಳೆ.

ಸಾಹೇಬರು ಅಬ್ಬಾನ ಹೆಗಲು ತಟ್ಟಿ ಏನೋ ಹೇಳಿದರು. ಅಬ್ಬಾ ಕೇಳಿಸಿಕೊಂಡಂತೆ ಕಾಣಲಿಲ್ಲ; ಅವರು ಅಜ್ಜನನ್ನೇ ನೋಡುತ್ತಿದ್ದರು. ಅಜ್ಜ ಹೆಬ್ಬೆರಳನ್ನು ಆ ನುಣುಪಿನ ಮೇಲೆ ಸುತ್ತ ಆಡಿಸುತ್ತಿದ್ದ. ಹೊರಗಿನ ಗಾಳಿ ಸೋಕಿದ್ದರೆ ಜಂಗು ಹತ್ತಿ ಕಪ್ಪಾಗಿರುತ್ತಿತ್ತು, ಇದಕ್ಕೆ ಗಾಳಿಯೇ ಸೋಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆಮೇಲೆ ತಲೆ ಎತ್ತದೆ ಮಗನನ್ನು ಕೇಳಿದ. ಐದು ದಿನಗಳಲ್ಲಿ ಅವನೊಡನೆ ಆಡಿದ ಮೊದಲ ಮಾತು.

“ಇದು ಕಣ್ಣಿಗೆ ಕಾಣ್ತಿತ್ತೇನು?”

“ಇಲ್ಲಪ್ಪಾ.”

“ಎಷ್ಟ ಛಲೋ ನೋಡಂವ ಇದ್ರೂ?”

“ಎಷ್ಟ ಛಲೋ ನೋಡಂವ ಇದ್ರೂ ಕಾಣ್ತಿರಲಿಲ್ಲ.”

ಅಜ್ಜ ಎದ್ದು, ಯಾರಿಗೂ ಹೇಳದೆ, ಮನೆಯ ಕಡೆ ನಡೆದ. ಸೋತ ಸಿಟ್ಟಿರಬೇಕು ಎಂದುಕೊಂಡೆವು. ಆದರೆ ಅವನು ಸಿಟ್ಟಾದವನ ಹಾಗಿರಲಿಲ್ಲ. ಎರಡು ದಿನ ಗೋಡೆಗೆ ಮುಖ ಮಾಡಿ ಹೊರಸಿನ ಮೇಲೆ ಮಲಗಿಬಿಟ್ಟ. ಅಮ್ಮಿ ಗಂಜಿ ಮಾಡಿಕೊಟ್ಟರೂ ಮುಟ್ಟಲಿಲ್ಲ. ಮುಂಜಾನೆ ಬೇಲಿಯ ಹತ್ತಿರ ಹೋಗಲಿಲ್ಲ. ಶುಕ್ರವಾರ ಮಧ್ಯಾಹ್ನದ ನಮಾಜಿನಿಂದ ಬಂದವನು ಚಾಪೆಯ ಮೇಲೆ ಕೂತ. ಅಮ್ಮಿ ಬಡಿಸಿದ ತಾಟನ್ನು ಪಕ್ಕಕ್ಕೆ ಸರಿಸಿ, ನಮ್ಮೆಲ್ಲರ ಎದುರಿಗೆ, ನಾವು ಎಂದೂ ಕೇಳದ ಒಂದು ಸಂಗತಿ ಹೇಳಿದ.

ಅಬ್ಬಾ ಇನ್ನೂ ಚಿಕ್ಕವರಿದ್ದಾಗ ಅಜ್ಜನ ಪಾಲಿನ ಹಳಿ ಮುಗಿದಲ್ಲಿಂದ ಮುಂದಿನ ಹಳಿಯನ್ನು ನೋಡಿಕೊಳ್ಳುತ್ತಿದ್ದವನು ಸೊರಟೂರಿನ ಬಸಪ್ಪ. ದಿನವೂ ಗಡಿಯಲ್ಲಿ ಇಬ್ಬರೂ ಭೇಟಿಯಾಗಿ, ಬುತ್ತಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತಿದ್ದರು. ಒಂದು ದಿನ ಬಸಪ್ಪ ನೋಡಿಹೋದ ಮೇಲೆ ಅವನ ಪಾಲಿನ ಹಳಿ ಮುರಿದು, ಸರಕಿನ ಗಾಡಿಯ ಎರಡು ಡಬ್ಬಿಗಳು ಹಳಿ ತಪ್ಪಿದವು. ಯಾರೂ ಸಾಯಲಿಲ್ಲ. ಆದರೆ ವಿಚಾರಣೆ ನಡೆಯಿತು. ಸರಿಯಾಗಿ ನೋಡಿದ್ದರೆ ಕಾಣುತ್ತಿತ್ತೋ ಇಲ್ಲವೋ ಎಂದು ಅಜ್ಜನನ್ನು ಕೇಳಿದರು. ಕಾಣುತ್ತಿತ್ತು ಎಂದು ಅಜ್ಜ ಹೇಳಿದ. ಆ ಮಾತಿನ ಮೇಲೆ ಬಸಪ್ಪನನ್ನು ಕೆಲಸದಿಂದ ತೆಗೆದರು. ಅವನು ಊರಿಗೆ ಹೋಗಿ ಕೂಲಿ ಮಾಡಿ ಬದುಕಿದ, ರೈಲು ಕೆಡವಿದವನು ಎಂದು ಕರೆಸಿಕೊಂಡ, ಕೆಲವು ವರ್ಷಕ್ಕೆ ತೀರಿಕೊಂಡ.

“ಅವತ್ತ ಮುರದ ಹಳಿನೂ ನಾ ನೋಡಿದ್ದೆ,” ಎಂದ ಅಜ್ಜ. “ನಡುವ ಹಿಂಗ ಬೆಳ್ಳಗ, ತತ್ತಿ ಹಂಗ ಇತ್ತು. ಏನಂತ ತಿಳೀಲಿಲ್ಲ. ತಿಳಕೊಳ್ಳಾಕೂ ಹೋಗಲಿಲ್ಲ. ಕಣ್ಣಿಗೆ ಕಾಣೂದಿಲ್ಲ ಅಂದಿದ್ರ, ನಾ ದಿನಾ ನೋಡೂದೂ ಸುಳ್ಳ ಆಗ್ತಿತ್ತು.”

ಅಬ್ಬಾ ಚಟ್ನಿಯ ಬಟ್ಟಲನ್ನೂ ತಾಟನ್ನೂ ಮೆಲ್ಲಗೆ ಅಜ್ಜನ ಮುಂದಕ್ಕೆ ಸರಿಸಿದರು. ಬಸಪ್ಪನ ಹೆಂಡತಿ ಇದ್ದಾಳೋ ಎಂದು ಅಮ್ಮಿ ಕೇಳಿದಳು. ಇದ್ದಾಳೆ, ನೀಲವ್ವ ಅಂತ, ಎಂದ ಅಜ್ಜ. ಹಾಗಾದರೆ ಇದನ್ನು ನಮಗೆ ಹೇಳಿ ಏನು ಉಪಯೋಗ ಎಂದು ಅಮ್ಮಿ ಒಗೆದಿಟ್ಟ ಅವನ ಬಿಳಿ ಅಂಗಿಯನ್ನು ತಂದು ಹೊರಸಿನ ಮೇಲಿಟ್ಟಳು.

ಭಾನುವಾರ ನಾವು ನಾಲ್ವರೂ ಬಸ್ಸು ಹತ್ತಿ ಸೊರಟೂರಿಗೆ ಹೋದೆವು. ದಾರಿಯುದ್ದಕ್ಕೂ ಅಜ್ಜ ನನ್ನ ಕೈ ಹಿಡಿದಿದ್ದ. ಅವನ ಅಂಗೈ ಬೆವರಿತ್ತು. ಅಜ್ಜನಿಗೆ ಹೆದರಿಕೆಯಾಗುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ನೀಲವ್ವ ಮನೆಯ ಮುಂದಿನ ನೆರಳಲ್ಲಿ ಕಾಲು ಚಾಚಿ ಕೂತು ಶೇಂಗಾ ಸುಲಿಯುತ್ತಿದ್ದಳು. ಬಿಳಿಕೂದಲಿನ, ಸಣಕಲು ಮೈಯ ಹೆಂಗಸು. ಅಜ್ಜನನ್ನು ಗುರುತು ಹಿಡಿಯಲು ಅವಳಿಗೆ ತುಸು ಹೊತ್ತು ಹಿಡಿಯಿತು. ಹಿಡಿದ ಮೇಲೆ ಕುಂಡ್ರಿ ಎಂದು ನಮಗೆ ಚಾಪೆ ತೋರಿಸಿದಳೇ ಹೊರತು ಅವನಿಗೆ ಹೇಳಲಿಲ್ಲ. ಅವನು ನಿಂತೇ ಎಲ್ಲವನ್ನೂ ಹೇಳಿದ. ತಾನು ಅಂದು ಹೇಳಿದ್ದು ಏನು, ಯಾರ್ಡಿನಲ್ಲಿ ಈಗ ಕಂಡದ್ದು ಏನು, ಎರಡೂ. ಏನನ್ನೂ ಮುಚ್ಚಿಡಲಿಲ್ಲ, ತನಗೆ ಬೇಕಾದ ಹಾಗೆ ತಿರುಚಲೂ ಇಲ್ಲ. ನೀಲವ್ವ ಸುಲಿಯುವುದನ್ನು ನಿಲ್ಲಿಸಲಿಲ್ಲ. ಅವನು ಮುಗಿಸಿದ ಮೇಲೆ, ಆ ಒಳಗಿನ ಬಿರುಕು ಹೇಗಿತ್ತು ಎಂದು ಅಬ್ಬಾನನ್ನು ಕೇಳಿದಳು. ಅಬ್ಬಾ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಹಳಿಯ ತಲೆ ಬರೆದು, ಅದರೊಳಗೆ ಉಂಗುರಗಳನ್ನು ಬರೆದು ತೋರಿಸಿದರು. ಅವಳು ಅದನ್ನು ಬಹಳ ಹೊತ್ತು ನೋಡಿದಳು.

ಕೊನೆಗಾಲದಲ್ಲಿ ಬಸಪ್ಪನಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹೋಗಿತ್ತು ಎಂದು ಆಮೇಲೆ ಹೇಳಿದಳು. ಬಾಗಿಲು ಹಾಕಿದ್ದೇನೆಯೋ ಇಲ್ಲವೋ ಎಂದು ಮೂರು ಸಲ ಎದ್ದು ಹೋಗಿ ಮುಟ್ಟಿ ನೋಡುವನು. ಅವತ್ತು ಮುಂಜಾನೆ ಖರೆ ನೋಡಿದ್ದೆನೋ, ನೋಡಿದೆ ಅಂದುಕೊಂಡೆನೋ ಎಂದು ಅವಳನ್ನು ಕೇಳುವನು. ನೋಡಿರ್ತಿ ಎಂದು ಅವಳು ದಿನವೂ ಹೇಳುವಳು. ಅವಳು ಹೇಳಿದರೆ ಅವನಿಗೆ ಸಾಲುತ್ತಿರಲಿಲ್ಲ.

ತನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಅಜ್ಜ ಕೈ ಮುಗಿದ. ನೀಲವ್ವ ಮಡಿಲಿನ ಸಿಪ್ಪೆ ಕೊಡವಿಕೊಂಡು ಎದ್ದಳು.

“ನನಗ್ಯಾಕ ಹೇಳ್ತಿ ಹುಸೇನಣ್ಣಾ? ನಾ ಅವನ್ನ ಒಂದ ದಿನಾನೂ ಅನುಮಾನ ಮಾಡಿದಾಕಿ ಅಲ್ಲ. ಊರಾಗ ಹೇಳು ಬಾ.”

ಅವಳು ಮುಂದೆ, ಅಜ್ಜ ಹಿಂದೆ, ನಾವು ಅವರ ಹಿಂದೆ. ಬಸ್ಸು ನಿಲ್ಲುವಲ್ಲಿ ಆಲದ ಮರದ ಕೆಳಗೆ ಒಂದು ಕಟ್ಟೆ ಇತ್ತು. ಮುದುಕರು, ಬಸ್ಸಿಗೆ ಕಾದವರು, ಹೊಲದಿಂದ ಬಂದವರು ಅಲ್ಲಿ ಕೂತಿದ್ದರು. ನೀಲವ್ವ ಓಣಿಯ ಮನೆಗಳ ಮುಂದೆ ಹೋಗುತ್ತ ಹೆಸರು ಹಿಡಿದು ಕರೆದಳು. ಅಜ್ಜ ಕಟ್ಟೆ ಹತ್ತಲಿಲ್ಲ. ಅದರ ಮುಂದೆ ನೆಲದ ಮೇಲೆ ನಿಂತು, ಬಡಿಗೆಯನ್ನು ನನ್ನ ಕೈಗೆ ಕೊಟ್ಟು, ತನ್ನ ಹೆಸರು ಹೇಳಿ, ಬಸಪ್ಪನ ಮೇಲೆ ತಾನು ಹೇಳಿದ ಮಾತು ಸುಳ್ಳು ಎಂದ. ಅಬ್ಬಾ ಇದ್ದಿಲಿನಿಂದ ಕಟ್ಟೆಯ ಬದಿಗೆ ಆ ಚಿತ್ರ ಬರೆದರು. ಜನ ಬಗ್ಗಿ ಬಗ್ಗಿ ನೋಡಿದರು. ಕಿವಿ ಮಂದವಾಗಿದ್ದ ಒಬ್ಬ ಮುದುಕ ಮುಂದೆ ಬಂದು, ಹಂಗಾರ ಬಸಪ್ಪ ಅವತ್ತು ನೋಡಿದ್ದನೇನು ಎಂದು ಗಟ್ಟಿಯಾಗಿ ಕೇಳಿದ.

“ನೋಡಿದ್ದ,” ಎಂದ ಅಜ್ಜ. “ಮನಷ್ಯಾಗ ಕಾಣೂದನ್ನೆಲ್ಲಾ ನೋಡಿದ್ದ.”

ಗದಗಿನ ಬಸ್ಸು ಬಂದು ನಿಂತಿತು. ಅಮ್ಮಿ ನನ್ನ ಕೈ ಹಿಡಿದು ಎಳೆದಳು, ಅಬ್ಬಾ ಅಜ್ಜನ ತೋಳಿಗೆ ಕೈ ಹಾಕಿದರು. ಕೆಳಗಿನ ಓಣಿಯವರು ಇನ್ನೂ ಬಂದಿಲ್ಲ ಎಂದು ನೀಲವ್ವ ದೂರದಿಂದಲೇ ಕೂಗಿ ಹೇಳಿದಳು. ಅಜ್ಜ ಅಬ್ಬಾನ ಕೈ ಬಿಡಿಸಿಕೊಂಡ. ಕಂಡಕ್ಟರ್ ಎರಡು ಸಲ ಸೀಟಿ ಊದಿದ, ಬಸ್ಸು ಧೂಳೆಬ್ಬಿಸಿ ಹೋಯಿತು. ಧೂಳು ಇಳಿದಾಗ ಕೆಳಗಿನ ಓಣಿಯಿಂದ ಏಳೆಂಟು ಜನ ನೀಲವ್ವನ ಹಿಂದೆ ಬರುತ್ತಿದ್ದರು. ಅಜ್ಜ ಟೋಪಿ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ತನ್ನ ಹೆಸರಿನಿಂದಲೇ ಮತ್ತೆ ಶುರು ಮಾಡಿದ.